ನಿಮಗಿದು ಗೊತ್ತೆ? ಹೊಗೆಗೂಡನ್ನು ಕಳಚಿಕೊಂಡ ರೈತನ ಮನೆ

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸಿಂಗಲ್‌ಟನ್ ಗ್ರಾಮದಲ್ಲಿ, ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಬಯಲು ವಸ್ತುಸಂಗ್ರಹಾಲಯದಲ್ಲಿ ಇಂದು ನಿಂತಿರುವ ‘ಬೇಲೀಫ್’ ಎಂಬ ಹೆಸರಿನ ರೈತಮನೆಯು ಮೊದಲಿದ್ದುದು ನೆರೆಯ ಕೆಂಟ್ ಪ್ರಾಂತದ ಚಿಡಿಂಗ್‌ಸ್ಟನ್ ಬಳಿ. 1960ರ ದಶಕದ ಕೊನೆಯಲ್ಲಿ ಬೌ ಬೀಚ್ ಜಲಾಶಯದ ನಿರ್ಮಾಣಕ್ಕೆ ಸ್ಥಳ ತೆರವಾಗಬೇಕಾದಾಗ, ಓಕ್ ಮರದ ಅದರ ಚೌಕಟ್ಟನ್ನು ತೊಲೆತೊಲೆಯಾಗಿ ಬಿಚ್ಚಿ ತಂದು ಇಲ್ಲಿ ಪುನಃ ಜೋಡಿಸಿದರು.

ಈ ಗೃಹವು ಏಕಕಾಲದ ಕೃತಿಯಲ್ಲ. ನಡುವಣ ಹಜಾರವೂ ಒಂದು ಪಾರ್ಶ್ವವೂ 15ನೆಯ ಶತಮಾನದ ಆದಿಭಾಗದವು. ಯಜಮಾನನ ಕೋಣೆಗಳಿರುವ ಮತ್ತೊಂದು ಪಾರ್ಶ್ವವನ್ನು ಸುಮಾರು ನೂರು ವರ್ಷಗಳ ತರುವಾಯ ಹೊಸದಾಗಿ ಕಟ್ಟಿದರು. ನೆಲದಿಂದ ಮಾಡಿನವರೆಗೆ ತೆರೆದೇ ಇದ್ದ ಆ ಹಜಾರದ ನಡುವೆ, ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು. ಹೊಗೆಯು ಮೇಲೇರಿ, ಹಂಚಿನ ಸಂದುಗಳಿಂದಲೂ ಗಾಜಿಲ್ಲದ ಕಿಟಕಿಗಳಿಂದಲೂ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಇಂತಹ ಮನೆಗಳಲ್ಲಿ ಒಲೆಯು ಎಲ್ಲಿದ್ದಿತೆಂಬುದಕ್ಕೆ ಮಾಡಿನ ಮರಗಳಿಗೆ ಹತ್ತಿದ ಮಸಿಯೇ ಇತಿಹಾಸಜ್ಞರಿಗೆ ಪ್ರಬಲವಾದ ಸಾಕ್ಷಿ.

ಇಟ್ಟಿಗೆಯ ಹೊಗೆಗೂಡು, ಹಜಾರದ ಮೇಲಣ ಅಟ್ಟ ಇವೆಲ್ಲ ಆಮೇಲಿನ ತಲೆಮಾರುಗಳು ತಂದ ಸೌಕರ್ಯಗಳು. ಮರುಜೋಡಣೆಯಲ್ಲಿ ಸಂಗ್ರಹಾಲಯದವರು ಇವನ್ನು ಕೈಬಿಟ್ಟು, ಮನೆಯನ್ನು ಸುಮಾರು 1540ರ ಸ್ಥಿತಿಗೆ ಮರಳಿಸಿದರು. ಹಳೆಯ ಬದುಕನ್ನು ಕಣ್ಣಾರೆ ಕಾಣಬಯಸುವವರಿಗೆ ಇದು ಉಪಕಾರವೇ ಸರಿ. ಆದರೆ ಆ ಹೊಗೆಗೂಡಿನಡಿ ಚಳಿ ಕಾಯಿಸಿಕೊಂಡ ಅನಂತರದ ಒಕ್ಕಲುಗಳ ಪಾಲಿಗೆ ತುಸು ಅನ್ಯಾಯವಾಯಿತೆಂದು ನನಗೆ ತೋರುತ್ತದೆ.