ವಾಗ್ದಾನದ ತೂಕ

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಮುಟ್ಟಿ ನೋಡದೆ ಯಾರೂ ಬೆಲೆ ಕಟ್ಟುವುದಿಲ್ಲ. ಚುನಾವಣೆಯ ವಾಗ್ದಾನವನ್ನಾದರೋ ಜನರು ನೋಡದೆಯೇ ನಂಬಬೇಕಾಗಿದೆ.

ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವೆವೆಂಬ 2023ರ ಮಾತು ಚನ್ನಪಟ್ಟಣ, ಮಾಗಡಿಗಳ ಮನೆಗಳಲ್ಲಿಯೂ ಕಾರ್ಯಕ್ಕೆ ಬಂದಿತು. ಕನಕಪುರ ತಾಲ್ಲೂಕಿನ ಮೇಕೆದಾಟು ಅಣೆಕಟ್ಟೆಗಾಗಿ 2022ರಲ್ಲಿ ಪಾದಯಾತ್ರೆ ನಡೆದರೂ, 2025 ಕಳೆಯುವವರೆಗೆ ಕಟ್ಟೆ ಏಳಲಿಲ್ಲ. ಮೊದಲನೆಯದಕ್ಕೆ ರಾಜ್ಯದ ಬೊಕ್ಕಸವೇ ಸಾಕು. ಎರಡನೆಯದಕ್ಕೆ ಕೇಂದ್ರದ ಅನುಮತಿಯೂ ಬೇಕು, ತಮಿಳುನಾಡಿನ ಆಕ್ಷೇಪವೂ ತೀರಬೇಕು.

ವಾಗ್ದಾನಕ್ಕೆ ಹಣದ ಮಾರ್ಗವನ್ನು ಪ್ರಣಾಳಿಕೆಯಲ್ಲಿ ಸೂಚಿಸಬೇಕೆಂದು, ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನ ಮೇರೆಗೆ, ಚುನಾವಣಾ ಆಯೋಗವು ನಿಯಮ ಮಾಡಿದೆ. ಆದರೆ ಅದಕ್ಕೆ ಶಾಸನದ ಬಲವಿಲ್ಲ. ಆಗಬೇಕಾದ ಸುಧಾರಣೆ ಅದೇ. ಅಲ್ಲಿಯವರೆಗೆ, ಮತ ಯಾಚಿಸಿ ಬಂದವರನ್ನು ಗೃಹಿಣಿಯರೇ ಕೇಳಲಿ: ಹಣವೆಲ್ಲಿಂದ? ಅನುಮತಿ ಯಾರದು?