ಸುಟ್ಟ ಮೋಟಾರಿನ ಲೆಕ್ಕ ಬಲ್ಲವರು

ಹುಣಸೂರು ಸೀಮೆಯಲ್ಲಿ ಮೋಟಾರು ಸುಡುವುದಕ್ಕೂ ಒಂದು ಕಾಲವಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀರು ಬೇಕು, ಆಗಷ್ಟೇ ನೆಟ್ಟ ಶುಂಠಿಗೆ ನೀರು ಬೇಕು, ಬಾಳೆಯ ಬುಡ ಒಣಗುವಂತಿಲ್ಲ. ಅದೇ ಹೊತ್ತಿಗೆ ಬೋರ್‌ವೆಲ್‌ನ ನೀರು ಕೆಳಕ್ಕೆ ಜಾರಿರುತ್ತದೆ. ತ್ರೀ ಫೇಸ್ ಕರೆಂಟು ಬಂತೆಂದರೆ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿನ ಪಂಪುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುತ್ತದೆ. ಗಾವಡಗೆರೆ ಹೋಬಳಿಯಿರಲಿ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿರಲಿ, ಈ ಎರಡು ತಿಂಗಳು ಗೂಡ್ಸ್ ಆಟೋದಲ್ಲಿ, ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಬೈಕಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡು ಮೋಟಾರುಗಳು ಪೇಟೆಯ ರಿವೈಂಡಿಂಗ್ ಅಂಗಡಿಗೆ ಬಂದು ಸೇರುತ್ತವೆ.

"ಬೆಳಗ್ಗೆ ಚೆನ್ನಾಗೇ ನೀರು ಎತ್ತುತ್ತಿತ್ತು ಅಣ್ಣ, ಮಧ್ಯಾಹ್ನ ಗುಂಯ್ ಅಂದು ನಿಂತೋಯ್ತು."

"ಸ್ಟಾರ್ಟರ್ ತಂದಿದೀರಾ ಗೌಡ್ರೆ?"

ಅಂಗಡಿಯವರು ಮೊದಲು ಕೇಳುವ ಪ್ರಶ್ನೆಯೇ ಇದು. ಮೋಟಾರು ಸುಮ್ಮಸುಮ್ಮನೆ ಸುಡುವುದಿಲ್ಲ. ಯಾಕೆ ಸುಟ್ಟಿತೆಂದು ತಿಳಿಯದೆ ಹೊಸ ಕಾಯಿಲ್ ಕಟ್ಟಿಕೊಟ್ಟರೆ ಅದೇ ಮೋಟಾರು ಅದೇ ಮಳಿಗೆಗೆ ಮತ್ತೆ ಬರುತ್ತದೆ.

ಈ ಕಸುಬಿನ ಜಾಣ್ಮೆಯೆಲ್ಲ ತಂತಿ ಸುತ್ತುವುದರಲ್ಲಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಅದರ ತಿರುಳು ಅದಕ್ಕೂ ಮೊದಲೇ, ಮುಚ್ಚಳ ಬಿಚ್ಚಿ ಸುಟ್ಟ ಕಾಯಿಲ್ ನೋಡುವ ಗಳಿಗೆಯಲ್ಲೇ ಇದೆ. ಮೂರು ಫೇಸಿಗೆ ಮೂರು ಗುಂಪು ಕಾಯಿಲ್‌ಗಳಿರುತ್ತವೆ. ಓಡುತ್ತಿರುವಾಗ ಲೈನಿನಲ್ಲಿ ಒಂದು ಫೇಸು ಹೋದರೆ ಉಳಿದೆರಡೇ ಹೊರೆಯನ್ನೆಲ್ಲ ಹೊರಬೇಕು. ಮೋಟಾರು ಸ್ಟಾರ್ ಜೋಡಣೆಯದ್ದಾದರೆ ಎರಡು ಗುಂಪು ಕರಕಲಾಗಿ ಒಂದು ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಡೆಲ್ಟಾ ಜೋಡಣೆಯಾದರೆ ತಿರುಗುಮುರುಗು, ಸುಟ್ಟದ್ದು ಒಂದು ಗುಂಪು, ಉಳಿದದ್ದು ಎರಡು. ಮೂರೂ ಒಂದೇ ಸಮನೆ ಕಪ್ಪಾಗಿದ್ದರೆ ತಪ್ಪು ಫೇಸಿನದಲ್ಲ. ವೋಲ್ಟೇಜು ತೀರಾ ಕಡಿಮೆಯಿತ್ತು, ಇಲ್ಲವೇ ಬುಷ್ ಸವೆದೋ ಮರಳು ಸಿಕ್ಕಿಯೋ ಪಂಪು ಬಿಗಿದಿತ್ತು. ಒಂದು ಕಾಯಿಲಿನ ಒಂದೇ ಜಾಗದಲ್ಲಿ ಕರಗಿ ತೂತಾಗಿದ್ದರೆ ಅಲ್ಲಿ ತಂತಿಯ ಹೊದಿಕೆ ಕಿತ್ತು ಹೋಗಿತ್ತು ಅಥವಾ ಸಿಡಿಲು ಬಡಿದಿತ್ತು. ಲೈನ್‌ಮನ್‌ಗೆ ಹೇಳಬೇಕಾದದ್ದು ಯಾವುದು, ಸ್ಟಾರ್ಟರಿನಲ್ಲಿ ಬದಲಿಸಬೇಕಾದದ್ದು ಯಾವುದು, ಪಂಪಿನಲ್ಲೇ ಸರಿಪಡಿಸಬೇಕಾದದ್ದು ಯಾವುದು ಎಂಬುದು ಆ ಕರಕಲಿನಲ್ಲೇ ಬರೆದಿರುತ್ತದೆ.

ಆಮೇಲೆ ಎಣಿಕೆ. ಸ್ಟೇಟರ್ ಎಂಬ ಉಕ್ಕಿನ ಉಂಗುರದ ಒಳಮೈಯಲ್ಲಿ ಉದ್ದುದ್ದ ತೋಡುಗಳಿರುತ್ತವೆ. ಅಂಗಡಿಯಲ್ಲಿ ಇವಕ್ಕೆ ಸ್ಲಾಟ್ ಎನ್ನುತ್ತಾರೆ. 24 ಅಥವಾ 36 ಸ್ಲಾಟಿನ ಮೋಟಾರುಗಳು ಸಾಮಾನ್ಯ. ಯಾವ ಸ್ಲಾಟಿನಿಂದ ಹೊರಟ ಕಾಯಿಲ್ ಯಾವ ಸ್ಲಾಟಿಗೆ ಇಳಿದಿದೆ, ಒಂದೊಂದರಲ್ಲಿ ಎಷ್ಟು ಸುತ್ತು, ತಂತಿ ಯಾವ ಗೇಜು, ಒಂಟಿಯೋ ಜೋಡಿಯೋ, ತುದಿಗಳು ಹೇಗೆ ಕೂಡಿವೆ ಎಂಬುದೆಲ್ಲ ನೋಟ್‌ಬುಕ್ಕಿಗೆ ಹೋಗುತ್ತದೆ. ಗೇಜು ನೋಡಲು ಮೈಕ್ರೋಮೀಟರ್ ಬೇಕು, ಹೊದಿಕೆ ಕೆರೆದು ಬರಿಯ ತಾಮ್ರವನ್ನೇ ಅಳೆಯಬೇಕು. ಸುತ್ತು ಕಡಿಮೆಯಾದರೆ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಹೆಚ್ಚಾದರೆ ಎಳೆಯುವ ಶಕ್ತಿ ಕುಂದುತ್ತದೆ. ಬೇಕಾದ ಗೇಜು ಅಂಗಡಿಯಲ್ಲಿ ಇಲ್ಲದಾಗ ಎರಡು ಸಣ್ಣ ತಂತಿಗಳನ್ನು ಜೊತೆಯಾಗಿ ಸುತ್ತಬಹುದು, ಎರಡರ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ ಸೇರಿ ಹಳೆಯದಕ್ಕೆ ಸರಿಯಾಗಬೇಕು ಅಷ್ಟೆ.

ಹಳೆಯ ಕಾಯಿಲ್ ಕೀಳುವ ಕೆಲಸದಲ್ಲಿ ಒಂದು ಕೆಟ್ಟ ರೂಢಿ ಬೆಳೆದಿದೆ. ವಾರ್ನಿಷ್ ಗಟ್ಟಿಯಾಗಿ ಕಚ್ಚಿಕೊಂಡ ತಂತಿ ಸುಲಭವಾಗಿ ಬರುವುದಿಲ್ಲ, ಹಾಗಾಗಿ ಕೆಲವು ಕಡೆ ಇಡೀ ಸ್ಟೇಟರನ್ನೇ ಬೆಂಕಿಗೆ ಹಾಕುತ್ತಾರೆ. ಸ್ಟೇಟರ್ ಒಂದೇ ಉಕ್ಕಿನ ಗಟ್ಟಿಯಲ್ಲ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಗಡುಗಳನ್ನು ಒತ್ತಿ ಜೋಡಿಸಿದ್ದು, ಒಂದೊಂದರ ಮೇಲೂ ಕರೆಂಟು ದಾಟದಂತೆ ತೆಳುವಾದ ಲೇಪವಿರುತ್ತದೆ. ಬೆಂಕಿ ಅತಿಯಾದರೆ ಆ ಲೇಪ ಬೆಂದುಹೋಗಿ ತಗಡಿನಿಂದ ತಗಡಿಗೆ ಕರೆಂಟು ಹರಿಯತೊಡಗುತ್ತದೆ. ಎಷ್ಟೇ ಒಳ್ಳೆಯ ತಾಮ್ರ ಸುತ್ತಿದರೂ ಅಂಥ ಮೋಟಾರು ಬಿಸಿಯಾಗುವುದು ತಪ್ಪುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ಮೋಟಾರು ದುರಸ್ತಿಗಾರರ ಸಂಘಗಳು ಸೇರಿ ಮಾಡಿಸಿದ ಅಧ್ಯಯನವೊಂದು 2003ರಲ್ಲಿ ಹೊರಬಂತು. ಕ್ರಮವಾಗಿ ರಿವೈಂಡ್ ಮಾಡಿದರೆ ಮೋಟಾರಿನ ದಕ್ಷತೆ ಉಳಿಯುತ್ತದೆ ಎಂದು ಅದು ತೋರಿಸಿತು. ಒಮ್ಮೆ ರಿವೈಂಡ್ ಆದ ಮೋಟಾರು ಎರಡನೆಯ ದರ್ಜೆಯದ್ದು ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ, ಆದರೆ ಮೋಟಾರನ್ನು ಎರಡನೆಯ ದರ್ಜೆಗೆ ಇಳಿಸುವುದು ಬೆಂಕಿಯೇ ಹೊರತು ರಿವೈಂಡಿಂಗ್ ಅಲ್ಲ.

ಬಾವಿಯ ದಡದಲ್ಲಿ ಕೂರುವ ಮಾನೋಬ್ಲಾಕ್ ಮೋಟಾರನ್ನು ಕಟ್ಟುವುದು ಒಂದು ರೀತಿ, ನೀರಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಕಟ್ಟುವುದು ಪೂರ್ತಿ ಬೇರೆ ರೀತಿ. ಮಾನೋಬ್ಲಾಕ್‌ಗೆ ಎನಾಮಲ್ ಹೊದಿಕೆಯ ತಂತಿ. ಅಚ್ಚಿನ ಮೇಲೆ ಕಾಯಿಲ್ ಸುತ್ತಿ, ಸ್ಲಾಟಿನೊಳಗೆ ಇನ್ಸುಲೇಷನ್ ಪೇಪರ್ ಹಾಸಿ, ತಂತಿಗಳನ್ನು ಕೆಲಕೆಲವಾಗಿ ಸ್ಲಾಟಿನ ಬಾಯಿಯಿಂದ ಇಳಿಸಿ, ಮೇಲೆ ಬಿದಿರಿನ ಸೀಳು ತೂರಿಸುತ್ತಾರೆ. ಬಳಿಕ ವಾರ್ನಿಷ್ ಕುಡಿಸಿ ಬಿಸಿಯಲ್ಲಿ ಒಣಗಿಸಬೇಕು. ಅವಸರದ ಗಿರಾಕಿಯ ಒತ್ತಾಯಕ್ಕೆ ಈ ಒಣಗಿಸುವ ಕೆಲಸವನ್ನು ಮೊಟಕು ಮಾಡಿದರೆ ಒಳಗೆ ತೇವ ಉಳಿದು ಮೋಟಾರಿನ ಆಯಸ್ಸೇ ಮೊಟಕಾಗುತ್ತದೆ.

ಸಬ್‌ಮರ್ಸಿಬಲ್ ಮೋಟಾರು ಆರೂವರೆ ಇಂಚಿನ ಬೋರಿನೊಳಗೆ ಇಳಿಯಬೇಕು, ಹಾಗಾಗಿ ಸಣಕಲು ಮೈ, ಉದ್ದನೆಯ ಆಕಾರ. ಹೊಲಗಳಲ್ಲಿ ಹೆಚ್ಚಾಗಿ ಕಾಣುವ ಬಗೆಯದರ ಒಳಗೆ ನೀರೇ ತುಂಬಿರುತ್ತದೆ. ಕಾಯಿಲ್ ತಣ್ಣಗಿರುವುದೂ ಬುಷ್ ಸವೆಯದಿರುವುದೂ ಆ ನೀರಿನಿಂದಲೇ. ಹಾಗಾಗಿ ಅದರ ತಂತಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ಗೀರು ಬಿದ್ದರೂ ಮೋಟಾರು ಉಳಿಯುವುದಿಲ್ಲ. ಅಚ್ಚಿನಲ್ಲಿ ಸುತ್ತಿ ತುರುಕುವ ಹಾಗಿಲ್ಲ, ಒಂದೊಂದು ಸುತ್ತನ್ನೂ ಈ ಕಡೆಯ ಸ್ಲಾಟಿನಲ್ಲಿ ತೂರಿಸಿ ಆ ಕಡೆ ಎಳೆದು, ಲೆಕ್ಕದಂತೆ ಇಳಿಯಬೇಕಾದ ಸ್ಲಾಟಿನಲ್ಲಿ ಮರಳಿ ತಂದು, ಸೂಜಿಗೆ ದಾರ ಪೋಣಿಸಿದ ಹಾಗೆ ಕೈಯಲ್ಲೇ ಎಳೆಯಬೇಕು. ತಂತಿ ತಿರುಚಿಕೊಳ್ಳಬಾರದು, ಸ್ಲಾಟಿನ ಅಂಚಿಗೆ ಉಜ್ಜಬಾರದು. ನಡುವೆ ಯಾರೋ ಬಂದು ಮಾತಾಡಿಸಿದರೆ ಉತ್ತರ ಬರುವುದು ಆ ಕಾಯಿಲ್ ಮುಗಿದ ಮೇಲೆಯೇ, ಲೆಕ್ಕ ತಪ್ಪಿದರೆ ಎಳೆದದ್ದನ್ನೆಲ್ಲ ಬಿಚ್ಚಬೇಕಲ್ಲ.

ಕಟ್ಟಿ ಮುಗಿದ ಮೇಲೆ ನಡೆಯುವ ಒಂದು ಪರೀಕ್ಷೆಯನ್ನು ಶಾಲೆಯ ಮಕ್ಕಳನ್ನು ಕರೆತಂದು ತೋರಿಸಬೇಕು. ತಿರುಗುವ ಭಾಗವಾದ ರೋಟರ್ ಹಾಕದ ಬರಿಯ ಸ್ಟೇಟರಿನೊಳಗೆ ಹಳೆಯ ಬೇರಿಂಗಿನಿಂದ ತೆಗೆದ ಉಕ್ಕಿನ ಗುಂಡನ್ನು ಇಟ್ಟು, ವೋಲ್ಟೇಜನ್ನು ತೀರಾ ತಗ್ಗಿಸಿ ಮೂರು ಫೇಸು ಕೊಡುತ್ತಾರೆ. ಗುಂಡು ಒಳಗೋಡೆಗೆ ಅಂಟಿಕೊಂಡು ಗಿರ್ರನೆ ಸುತ್ತುತ್ತದೆ. ಅದನ್ನು ಯಾವ ವಸ್ತುವೂ ತಳ್ಳುತ್ತಿಲ್ಲ, ಸುತ್ತುತ್ತಿರುವುದು ಕಾಂತಕ್ಷೇತ್ರ. 1888ರಲ್ಲಿ ನಿಕೋಲಾ ಟೆಸ್ಲಾ ಪೇಟೆಂಟು ಪಡೆದದ್ದು ಈ ತತ್ತ್ವಕ್ಕೇ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎರಡು ಧ್ರುವದ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ಹಾಕುತ್ತದೆ, ಬೆನ್ನಟ್ಟುವ ರೋಟರ್ ಸ್ವಲ್ಪ ಹಿಂದೆ ಬಿದ್ದು 2850ರ ಆಸುಪಾಸಿನಲ್ಲಿ ಓಡುತ್ತದೆ. ಒಂದು ಕಾಯಿಲ್ ಉಲ್ಟಾ ಕೂಡಿದ್ದರೂ ಗುಂಡು ತಡವರಿಸುತ್ತದೆ ಅಥವಾ ನಿಲ್ಲುತ್ತದೆ. ಕೊನೆಗೆ ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡುತ್ತಾರೆ. ಒಂದು ಮೆಗಓಮ್‌ಗಿಂತ ಕಡಿಮೆ ತೋರಿಸಿದ ಮೋಟಾರನ್ನು ಬೋರಿಗೆ ಇಳಿಸಬಾರದು.

ನಮ್ಮ ನಾಡಿಗೂ ವಿದ್ಯುತ್ತಿಗೂ ನಂಟು ಹಳೆಯದು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಹರಿಯಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಬೆಂಗಳೂರಿನಲ್ಲಿ ಶುರುವಾಯಿತು, ಮೋಟಾರು ಮಾಡುವ ಇನ್ನೊಂದು ಕಂಪನಿ ಎನ್‌ಜಿಇಎಫ್ 1956ರಲ್ಲಿ ಸ್ಥಾಪನೆಯಾಯಿತು. ಎನ್‌ಜಿಇಎಫ್ ಬಾಗಿಲು ಮುಚ್ಚಿ ವರ್ಷಗಳಾದವು. ಹಳೆಯ ಮೋಟಾರುಗಳ ಎರಕದ ಮೈ ಭಾರವಾದದ್ದು, ಬೋಲ್ಟು ಬಿಚ್ಚಿದರೆ ಬಿಚ್ಚಿಕೊಳ್ಳುವಂಥದ್ದು. ಕೆಟ್ಟರೆ ಯಾರೋ ಒಬ್ಬರು ತೆರೆಯುತ್ತಾರೆ ಎಂದು ನಂಬಿಯೇ ಅವನ್ನು ಮಾಡಿದ್ದರು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ.

ಆ ನಂಬಿಕೆ ಆಟಿಕೆಯಲ್ಲೂ ಇತ್ತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟು ಪಡೆದ ಮೆಕ್ಯಾನೋ ಪೆಟ್ಟಿಗೆಯ ಪಟ್ಟಿಗಳಲ್ಲಿ ಅರ್ಧ ಇಂಚಿಗೊಂದು ತೂತು. ಆಮೇಲೆ ಅದಕ್ಕೆಂದೇ ಬಂದ ಪುಟ್ಟ ಎಲೆಕ್ಟ್ರಿಕ್ ಮೋಟಾರುಗಳ ಪಕ್ಕದ ತಗಡಿನಲ್ಲೂ ಅದೇ ಅಳತೆಯ ತೂತು, ಹಾಗಾಗಿ ಕ್ರೇನಿಗೋ ಸೇತುವೆಗೋ ಮೋಟಾರೇ ಒಂದು ಬಿಡಿಭಾಗವಾಗುತ್ತಿತ್ತು. ನಮ್ಮಲ್ಲಿ ಅದೇ ಬಗೆಯ ಮೆಕ್ಯಾನಿಕ್ಸ್ ಪೆಟ್ಟಿಗೆ ಬಿಚ್ಚಿ ಜೋಡಿಸಿದವರಿಗೆ ಆ ಸುಖ ಗೊತ್ತು. ಮನೆಯ ಅಟ್ಟದಲ್ಲಿ ಅಂಥ ಹಳೆಯ ಆಟಿಕೆ ಮೋಟಾರು ಇದ್ದರೆ ಅದನ್ನು ಕಟ್ಟುವ ಕೈಯೂ ಇದೇ ಅಂಗಡಿಯಲ್ಲಿದೆ. ಅದು ಪಂಪಿಗಿಂತ ಮಿಕ್ಸಿಗೆ ಹತ್ತಿರದ ನೆಂಟ. ಆರ್ಮೇಚರ್, ಕಮ್ಯುಟೇಟರ್, ಕಾರ್ಬನ್ ಬ್ರಷ್ ಎಲ್ಲ ಅದರಲ್ಲೂ ಉಂಟು. ಮುಕ್ಕಾಲು ಪಾಲು ಅದು ಸುಟ್ಟಿರುವುದಿಲ್ಲ, ಹಳೆಯ ಎಣ್ಣೆ ಅಂಟಾಗಿ ಬಿಗಿದಿರುತ್ತದೆ, ಕಮ್ಯುಟೇಟರಿನ ಮೇಲೆ ಮಸಿ ಕೂತಿರುತ್ತದೆ, ಬ್ರಷ್ ಸವೆದಿರುತ್ತದೆ. ಒರೆಸಿ, ನಯವಾದ ಉಪ್ಪುಕಾಗದದಿಂದ ಹದವಾಗಿ ಉಜ್ಜಿ, ಪುಡಿಯಾದ ವೈರು ಬದಲಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಕಾಯಿಲ್ ತುಂಡಾಗಿದ್ದರೆ ಮಾತ್ರ ಕೂದಲೆಳೆಯ ತಂತಿ ತಂದು ಸುತ್ತು ಎಣಿಸಿ ಕಟ್ಟಬೇಕು. ಒಂದು ಎಚ್ಚರ: ಇವು ಹೆಚ್ಚಾಗಿ 15, 20 ವೋಲ್ಟಿನಂಥ ಕಡಿಮೆ ವೋಲ್ಟೇಜಿಗೆ ಮಾಡಿದವು, ಮನೆಯ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಮೋಟಾರಿಗೂ ಮಗುವಿಗೂ ಅಪಾಯ.

ಮತ್ತೆ ಹೊಲಕ್ಕೆ ಬರೋಣ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ಕರೆಂಟಿನ ಬಿಲ್ಲಿಲ್ಲ. ಕೆಟ್ಟದಾಗಿ ಕಟ್ಟಿದ ಮೋಟಾರು ಎಷ್ಟು ಕರೆಂಟು ನುಂಗುತ್ತಿದೆ ಎಂಬುದು ರೈತನ ಕಣ್ಣಿಗೆ ಬೀಳುವುದೇ ಇಲ್ಲ. ಕಣ್ಣಿಗೆ ಬೀಳುವುದು ಪೈಪು ಎತ್ತುವವರಿಗೆ ಮತ್ತೊಮ್ಮೆ ಕೊಟ್ಟ ಕೂಲಿ ಮತ್ತು ಅಷ್ಟರಲ್ಲಿ ಬಾಡಿದ ಸಸಿಮಡಿ. ಆದ್ದರಿಂದ ಅಂಗಡಿಯಲ್ಲಿ ಮೂರು ಮಾತು ಕೇಳಿದರೆ ತಪ್ಪಿಲ್ಲ: ಹಳೆಯ ಸುತ್ತಿನ ಲೆಕ್ಕ ತೋರಿಸಿ, ಸ್ಟೇಟರನ್ನು ಬೆಂಕಿಗೆ ಹಾಕಬೇಡಿ, ಒಯ್ಯುವ ಮೊದಲು ನನ್ನೆದುರಿಗೇ ಮೆಗ್ಗರ್ ಹಿಡಿಯಿರಿ. ಒಳ್ಳೆಯ ಕಸುಬುದಾರರಿಗೆ ಇಂಥ ಗಿರಾಕಿಯೆಂದರೆ ಪ್ರೀತಿಯೇ.

ಐ.ಟಿ.ಐ.ಯ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸಿನಲ್ಲಿ ವೈಂಡಿಂಗ್ ಕಲಿಸುತ್ತಾರೆ. ಆದರೆ ಸಬ್‌ಮರ್ಸಿಬಲ್ ಎಳೆಯುವ ಕೈ ಪಳಗುವುದು ಅಂಗಡಿಯಲ್ಲೇ, ಹಿರಿಯರ ಪಕ್ಕದಲ್ಲಿ ಕೂತು. ಐ.ಟಿ.ಐ. ಹುಡುಗರನ್ನು ಬೇಸಿಗೆಯ ಎರಡು ತಿಂಗಳು ಈ ಅಂಗಡಿಗಳಿಗೆ ಕಳಿಸಬೇಕು, ಜೊತೆಗೆ ಅಂಗಡಿಯ ನೋಟ್‌ಬುಕ್ಕುಗಳ ಪ್ರತಿ ಪುಟದ ಫೋಟೊ ತೆಗೆಸಿ ಐ.ಟಿ.ಐ.ಯಲ್ಲಿ ಇಡಿಸಬೇಕು. ಕಂಪನಿಯೇ ಮುಚ್ಚಿಹೋದ ಮೋಟಾರು ಮುಂದಿನ ಬೇಸಿಗೆಯಲ್ಲಿ ಸುಟ್ಟು ಬಂದಾಗ ಅದರ ಸುತ್ತು, ಗೇಜು, ಜೋಡಣೆ ಸಿಗುವುದು ಎಣ್ಣೆಗೈಯ ಗುರುತು ಅಂಟಿದ ಆ ಹಾಳೆಗಳಲ್ಲೇ.