ಹಿಮಾಲಯದ ಬೇರನ್ನು ಅರಿತ ಬಗೆ

ನಿಘಂಟುಕಾರರು ಪರ್ವತಕ್ಕೆ ಹೇಳಿರುವ ಪರ್ಯಾಯಪದಗಳಲ್ಲಿ ‘ಅಚಲ’, ‘ನಗ’ ಎಂಬ ಎರಡರ ಭಾವವೂ ಒಂದೇ. ಚಲಿಸದಿರುವುದು ಅಚಲ, ಗಮನವಿಲ್ಲದ್ದು ನಗ. ‘ಭೂಧರ’ ಎಂಬ ಮತ್ತೊಂದು ಪದವು ಇನ್ನೂ ಮುಂದೆ ಹೋಗಿ, ಪರ್ವತವೇ ಭೂಮಿಯನ್ನು ಧರಿಸಿಕೊಂಡಿದೆ ಎನ್ನುತ್ತದೆ. ಇಂದಿನ ಭೂವಿಜ್ಞಾನವಾದರೋ ಇದಕ್ಕೆ ವಿಪರೀತವಾದ ಮಾತನ್ನಾಡುತ್ತದೆ. ಹಿಮಾಲಯವು ಅಚಲವಲ್ಲ, ಅದು ವರ್ಷವರ್ಷವೂ ಸರಿಯುತ್ತಿದೆ. ಅದು ಭೂಮಿಯನ್ನು ಹೊತ್ತಿಲ್ಲ, ತನ್ನ ಎತ್ತರಕ್ಕಿಂತ ಎಷ್ಟೋ ಪಾಲು ಆಳವಾದ ಬೇರನ್ನು ಇಳಿಬಿಟ್ಟು ಭೂಮಿಯ ಮೇಲೆ ಕುಳಿತಿದೆ. ಈ ಮಾತಿನಿಂದ ಕವಿಗಳಿಗೆ ನಷ್ಟವೇನೂ ಇಲ್ಲ. ಆದರೆ ಬುದ್ಧಿವಂತನಾದ ವಿದ್ಯಾರ್ಥಿ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ: ಪರ್ವತದ ಬೇರನ್ನು ನೋಡಿ ಬಂದವರು ಯಾರು?

ನೋಡಿ ಬಂದವರು ಯಾರೂ ಇಲ್ಲ. ಭೂಮಿಯಲ್ಲಿ ನೇರವಾಗಿ ಕೊರೆದ ರಂಧ್ರಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿದೆ. 1970ರಲ್ಲಿ ಆರಂಭವಾದ ಆ ಕಾರ್ಯವು 1989ರಲ್ಲಿ 12,262 ಮೀಟರ್ ಆಳವನ್ನು ಮುಟ್ಟಿತು. ಅಲ್ಲಿಂದ ಮುಂದೆ ಇಳಿಯಲಿಲ್ಲ. ಹಿಮಾಲಯದ ಬೇರಿನ ಕೊನೆಯಾದರೋ ಸುಮಾರು 70 ಕಿಲೋಮೀಟರ್ ಕೆಳಗಿದೆ. ಕಣ್ಣಿಗೆ ನಿಲುಕದ ಇಂಥ ವಿಷಯದಲ್ಲಿ ಕಿವಿಯೇ ಗತಿ. ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಒಡೆದು ನೋಡುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ಅದರ ನಾದವನ್ನು ಕೇಳುತ್ತಾಳೆ. ಬಿರುಕುಬಿಟ್ಟ ಗಡಿಗೆಯ ನಾದ ಬೇರೆ, ಗಟ್ಟಿಯಾದ ಗಡಿಗೆಯ ನಾದ ಬೇರೆ. ವಿಜ್ಞಾನಿಗಳು ಹಿಮಾಲಯವನ್ನು ಪರೀಕ್ಷಿಸಿದ್ದು ಬಹುಮಟ್ಟಿಗೆ ಈ ರೀತಿಯಲ್ಲಿಯೇ.

ಆದರೆ ಬೇರಿನ ಸುಳಿವು ಮೊದಲು ದೊರೆತದ್ದು ನಾದದಿಂದಲ್ಲ, ಗೋಡೆ ಕಟ್ಟುವವರು ಬಳಸುವ ತೂಗುಗುಂಡಿನಿಂದ. ಆ ವೃತ್ತಾಂತದ ಮೊದಲ ಹೆಜ್ಜೆಗಳಲ್ಲೊಂದು ನಮ್ಮ ನಾಡಿನಲ್ಲಿಯೇ ಬಿದ್ದಿತ್ತು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಣಿಯಿಂದ ಅಳೆದನು. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೇಕ್ಷಣವು ಆರಂಭವಾಯಿತು. ತ್ರಿಕೋನಗಳ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ ಆ ಕಾರ್ಯವು ಜಾರ್ಜ್ ಎವರೆಸ್ಟನ ಕಾಲಕ್ಕೆ ಹಿಮಾಲಯದ ಸಮೀಪವನ್ನು ಸೇರಿತು. ಮಧ್ಯಭಾರತದ ಕಲ್ಯಾಣಪುರ ಮತ್ತು ಉತ್ತರದ ಬಯಲಿನ ಕಲಿಯಾನಾ ಎಂಬ ಎರಡು ನೆಲೆಗಳ ಅಂತರವನ್ನು ಎರಡು ವಿಧವಾಗಿ ಕಂಡುಹಿಡಿಯಲಾಯಿತು: ನೆಲದ ಮೇಲೆ ತ್ರಿಕೋನಗಳಿಂದ ಒಮ್ಮೆ, ನಕ್ಷತ್ರಗಳ ಎತ್ತರದಿಂದ ಇನ್ನೊಮ್ಮೆ. ಎರಡೂ ಕೂಡಿಬರಬೇಕಿತ್ತು, ಬರಲಿಲ್ಲ. 5.236 ವಿಕಲೆಗಳ ವ್ಯತ್ಯಾಸ ಉಳಿಯಿತು. ಒಂದು ಅಂಶದಲ್ಲಿ 60 ಕಲೆ, ಒಂದು ಕಲೆಯಲ್ಲಿ 60 ವಿಕಲೆ ಎಂಬುದು ಜ್ಯೋತಿಷ ಗಣಿತವನ್ನು ಬಲ್ಲವರಿಗೆ ತಿಳಿದದ್ದೇ. ನೆಲದ ಮೇಲೆ ಈ ವ್ಯತ್ಯಾಸವು ಸುಮಾರು 160 ಮೀಟರಿಗೆ ಸಮ. ಆರುನೂರು ಕಿಲೋಮೀಟರುಗಳ ಅಳತೆಯಲ್ಲಿ ಇಷ್ಟು ಅಲ್ಪವಾದ ದೋಷವನ್ನು ಬೇರೊಬ್ಬರಾಗಿದ್ದರೆ ಬದಿಗೆ ಸರಿಸಿಬಿಡುತ್ತಿದ್ದರು.

ಕಲ್ಕತ್ತೆಯ ಆರ್ಚ್‌ಡೀಕನ್ ಆಗಿದ್ದ ಜಾನ್ ಹೆನ್ರಿ ಪ್ರ್ಯಾಟ್ ಬದಿಗೆ ಸರಿಸಲಿಲ್ಲ. ಧರ್ಮಗುರುವಾಗಿದ್ದರೂ ಆತ ನುರಿತ ಗಣಿತಜ್ಞ. ನಕ್ಷತ್ರದ ಎತ್ತರವನ್ನು ಅಳೆಯುವಾಗ ‘ನೇರ ಮೇಲೆ’ ಎಂಬ ದಿಕ್ಕನ್ನು ತೂಗುಗುಂಡು ತೋರಿಸಬೇಕು. ಹಿಮಾಲಯದ ಮಹಾರಾಶಿಯು ಆ ಗುಂಡನ್ನು ತನ್ನ ಕಡೆಗೆ ಸೆಳೆದಿದ್ದರೆ ಅಳತೆ ತಪ್ಪುವುದು ಸಹಜವೆಂದು ಆತ ತರ್ಕಿಸಿದನು. ಆದರೆ ಪರ್ವತದ ಭಾರವನ್ನು ಅಂದಾಜುಮಾಡಿ ಲೆಕ್ಕ ಹಾಕಿದಾಗ ಸೆಳೆತದ ವ್ಯತ್ಯಾಸವು 15.885 ವಿಕಲೆಗಳಷ್ಟಾಗಬೇಕಿತ್ತು. ಕಂಡದ್ದು ಅದರ ಮೂರನೆಯ ಒಂದು ಭಾಗ ಮಾತ್ರ. ಎಂದರೆ, ಅಷ್ಟು ದೊಡ್ಡ ಪರ್ವತವು ಇರಬೇಕಾದಷ್ಟು ಬಲವಾಗಿ ಸೆಳೆಯುತ್ತಿಲ್ಲ!

ಇಂಗ್ಲೆಂಡಿನ ರಾಜಜ್ಯೋತಿರ್ವಿಜ್ಞಾನಿ ಜಾರ್ಜ್ ಏರಿ 1855ರಲ್ಲಿ ಇದಕ್ಕೆ ಸಮಾಧಾನವನ್ನು ಸೂಚಿಸಿದನು. ನೀರಿನಲ್ಲಿ ತೇಲುವ ಮರದ ದಿಮ್ಮಿಗಳಲ್ಲಿ ಹೆಚ್ಚು ಮೇಲೆದ್ದಿರುವ ದಿಮ್ಮಿಯೇ ಹೆಚ್ಚು ಮುಳುಗಿರುತ್ತದೆ. ಹಾಗೆಯೇ ಪರ್ವತದ ಹಗುರವಾದ ಶಿಲೆಯು ಕೆಳಗಿನ ಭಾರವಾದ ದ್ರವ್ಯದೊಳಕ್ಕೆ ಆಳವಾಗಿ ಇಳಿದಿದೆ. ಮೇಲಿನ ರಾಶಿಯು ಹೆಚ್ಚಿಸಿದ ಸೆಳೆತವನ್ನು ಕೆಳಗಿನ ಹಗುರವಾದ ಬೇರು ಕುಗ್ಗಿಸುತ್ತದೆ. ಪ್ರ್ಯಾಟನಿಗೆ ಇದು ಒಪ್ಪಿಗೆಯಾಗಲಿಲ್ಲ; ಬೇರು ಬೇಕಿಲ್ಲ, ಪರ್ವತದ ಅಡಿಯ ಶಿಲೆಯೇ ಹಿಗ್ಗಿ ಹಗುರವಾಗಿದೆಯೆಂದು ಆತ ಪ್ರತಿಪಾದಿಸಿದನು. ಇಬ್ಬರೂ ಸಮರ್ಥರೇ. ತೂಗುಗುಂಡೊಂದರಿಂದಲೇ ಈ ವಾದವು ತೀರ್ಮಾನವಾಗುವಂತಿರಲಿಲ್ಲ.

ತೀರ್ಮಾನಕ್ಕೆ ಭೂಕಂಪಗಳು ಬೇಕಾದವು. ಭೂಮಿ ಕಂಪಿಸಿದಾಗ ಅದರ ಒಡಲಿನೊಳಗೆ ಎರಡು ಬಗೆಯ ತರಂಗಗಳು ಹೊರಡುತ್ತವೆ. ಮೊದಲನೆಯದು ಶಬ್ದದಂತೆ ಶಿಲೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುವ ಪಿ ತರಂಗ. ಎರಡನೆಯದು ಶಿಲೆಯನ್ನು ಅಡ್ಡಡ್ಡಲಾಗಿ ಅಲುಗಿಸುವ ಎಸ್ ತರಂಗ. ಇದರ ವೇಗ ಕಡಮೆ, ದ್ರವದೊಳಗೆ ಇದು ಸಾಗಲಾರದು. 1897ರ ಜೂನ್ 12ರಂದು ಅಸ್ಸಾಮನ್ನು ನಡುಗಿಸಿದ ಮಹಾಭೂಕಂಪದ ದಾಖಲೆಗಳನ್ನು ಪರಿಶೀಲಿಸಿ, ಈ ತರಂಗಗಳನ್ನು ಲೇಖಗಳಲ್ಲಿ ಬೇರೆಬೇರೆಯಾಗಿ ಗುರುತಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದಲ್ಲಿದ್ದ ಓಲ್ಡ್‌ಹ್ಯಾಂ. 1909ರ ಅಕ್ಟೋಬರ್ 8ರಂದು ಕ್ರೊಯೇಷಿಯದ ಜಾಗ್ರೆಬ್ ನಗರದ ಸಮೀಪದಲ್ಲಿ ಭೂಕಂಪವಾದಾಗ ಆಂಡ್ರಿಯಾ ಮೊಹೊರೊವಿಚಿಚ್ ಒಂದು ವಿಚಿತ್ರವನ್ನು ಕಂಡನು. ದೂರದ ಕೇಂದ್ರಗಳಿಗೆ ಪಿ ತರಂಗವು ಎರಡು ಸಲ ಬಂದು ಮುಟ್ಟಿತ್ತು. ಹಳ್ಳಿಯ ಗಾಡಿದಾರಿಯಲ್ಲಿ ನೇರವಾಗಿ ಹೊರಟವನಿಗಿಂತ, ಸುತ್ತಾದರೂ ಹೆದ್ದಾರಿಯನ್ನು ಹಿಡಿದವನು ದೂರದ ಊರನ್ನು ಬೇಗ ಸೇರುತ್ತಾನಷ್ಟೆ. ಕೆಲವು ತರಂಗಗಳು ಆಳಕ್ಕೆ ಇಳಿದು, ವೇಗ ಹೆಚ್ಚಿರುವ ಪದರವನ್ನು ಹಿಡಿದು ಮುಂದಾಗಿ ಬಂದಿದ್ದವು. ಭೂಕವಚದ ಶಿಲೆಗಳಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಸಾಗುವ ಪಿ ತರಂಗವು ಕೆಳಗಿನ ಮ್ಯಾಂಟಲ್ ಪದರದಲ್ಲಿ ಸುಮಾರು 8 ಕಿಲೋಮೀಟರ್ ಸಾಗುತ್ತದೆ. ಇವೆರಡರ ನಡುವಣ ಸೀಮೆಗೆ ಆ ವಿಜ್ಞಾನಿಯ ಹೆಸರನ್ನೇ ಮೊಟಕುಗೊಳಿಸಿ ‘ಮೊಹೊ’ ಎಂದು ಕರೆಯುವುದು ರೂಢಿಯಾಗಿದೆ. ಬೇರಿನ ಕೊನೆ ಎಂದರೆ ಈ ಮೊಹೊ ಸೀಮೆಯೇ.

ಭೂಕಂಪಕ್ಕಾಗಿ ಕಾಯದೆ ನೆಲದಲ್ಲಿ ಸಿಡಿಮದ್ದನ್ನು ಸಿಡಿಸಿ ತರಂಗಗಳನ್ನು ಎಬ್ಬಿಸುವುದೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯು ಸೋವಿಯತ್ ವಿಜ್ಞಾನಿಗಳ ಸಹಕಾರದಿಂದ 1972ರಿಂದ 1975ರವರೆಗೆ, ಆಂಧ್ರ ಕರಾವಳಿಯ ಕಾವಲಿಯಿಂದ ನಮ್ಮ ಉಡುಪಿಯವರೆಗೆ 600 ಕಿಲೋಮೀಟರ್ ಉದ್ದಕ್ಕೂ ಇಂಥ ಶೋಧನೆಯನ್ನು ನಡೆಸಿತು. ನಮ್ಮ ಪ್ರಸ್ಥಭೂಮಿಯ ಕೆಳಗೆ ಮೊಹೊ ಸೀಮೆಯು 34ರಿಂದ 41 ಕಿಲೋಮೀಟರ್ ಆಳದಲ್ಲಿದೆಯೆಂದು ತಿಳಿದುಬಂತು. ಹಿಮಾಲಯವನ್ನು ಅಳೆಯಹೊರಟವರಿಗೆ ಈ ಅಂಕೆ ಒಂದು ಒರೆಗಲ್ಲು. ಉತ್ತರಕ್ಕೆ ಸರಿದು ಹಿಮಾಲಯದ ಅಡಿಗೆ ನುಗ್ಗುತ್ತಿರುವುದು ಈ ಪ್ರಸ್ಥಭೂಮಿಯನ್ನು ಹೊತ್ತ ಭಾರತದ ಫಲಕವೇ ಅಲ್ಲವೇ?

1992ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು ‘ಇಂಡೆಪ್ತ್’ ಎಂಬ ಯೋಜನೆಯಲ್ಲಿ ದಕ್ಷಿಣ ಟಿಬೆಟ್ಟಿನ ಎತ್ತರದ ಬಯಲಿನಲ್ಲಿ ಸಿಡಿಮದ್ದನ್ನು ಸಿಡಿಸಿ ಮರುದನಿಯನ್ನು ಆಲಿಸಿದರು. ಎರಡು ಮರುದನಿಗಳು ಸ್ಪಷ್ಟವಾಗಿದ್ದವು. ಸುಮಾರು 75 ಕಿಲೋಮೀಟರ್ ಆಳದಿಂದ ಬಂದದ್ದು ಮೊಹೊ ಸೀಮೆಯದು; ನಮ್ಮ ಕಡೆಯದಕ್ಕಿಂತ ಹೆಚ್ಚುಕಡಮೆ ಇಮ್ಮಡಿ. ಇನ್ನೊಂದು, ಉತ್ತರಕ್ಕೆ ಓರೆಯಾಗಿ 28ರಿಂದ 40 ಕಿಲೋಮೀಟರ್ ಆಳಕ್ಕೆ ಇಳಿಯುವ ಒಂದು ಮೇಲ್ಮೈಯದು. ಇದು ಭಾರತದ ಫಲಕವು ಪರ್ವತದಡಿಗೆ ಜಾರುವ ಸಂದು. ಇದನ್ನು ‘ಮುಖ್ಯ ಹಿಮಾಲಯ ಸ್ತರಭಂಗ’ ಎನ್ನಬಹುದು.

ಸಿಡಿಮದ್ದಿಲ್ಲದ ಇನ್ನೊಂದು ಉಪಾಯವು ಇದಕ್ಕಿಂತ ಸೊಗಸಾದದ್ದು. 2002ರಿಂದ 2005ರವರೆಗೆ ‘ಹೈ-ಕ್ಲೈಂಬ್’ ಎಂಬ ಯೋಜನೆಯವರು ನೇಪಾಳದ ದಕ್ಷಿಣದ ಬಯಲಿನಿಂದ ಟಿಬೆಟ್ಟಿನ ನಡುಭಾಗದವರೆಗೆ, ಸುಮಾರು 800 ಕಿಲೋಮೀಟರ್ ಉದ್ದಕ್ಕೆ ಇನ್ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಭೂಕಂಪಮಾಪಕಗಳನ್ನು ಇರಿಸಿ ಸುಮ್ಮನೆ ಕಾದರು. ಜಪಾನಿನಲ್ಲಿಯೋ ಇಂಡೋನೇಷ್ಯದಲ್ಲಿಯೋ ಭೂಕಂಪವಾದರೆ ಅದರ ಪಿ ತರಂಗವು ಭೂಗರ್ಭವನ್ನು ಹಾದು ಹಿಮಾಲಯದ ಅಡಿಯಿಂದ ಮೇಲೇರಿ ಬರುತ್ತದೆ. ಮೊಹೊ ಸೀಮೆಯನ್ನು ದಾಟುವಾಗ ಅದರ ಒಂದಂಶವು ಎಸ್ ತರಂಗವಾಗಿ ರೂಪಾಂತರ ಹೊಂದುತ್ತದೆ. ಒಂದೇ ಬಾಗಿಲಿನಿಂದ ಒಂದೇ ಕ್ಷಣದಲ್ಲಿ ಹೊರಟ ಇಬ್ಬರಲ್ಲಿ ಒಬ್ಬನ ನಡಿಗೆ ಚುರುಕು, ಇನ್ನೊಬ್ಬನದು ನಿಧಾನ. ಹಿಂದೆ ಬಿದ್ದವನು ಎಷ್ಟು ಹೊತ್ತು ತಡವಾಗಿ ಬಂದನೆಂದು ತಿಳಿದರೆ ಬಾಗಿಲು ಎಷ್ಟು ದೂರದಲ್ಲಿದೆಯೆಂದು ಹೇಳಬಹುದು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಭೂಕವಚದಲ್ಲಿ ಪಿ ತರಂಗದ ವೇಗ ಸೆಕೆಂಡಿಗೆ 6.3 ಕಿಲೋಮೀಟರ್, ಎಸ್ ತರಂಗದ್ದು 3.6 ಎಂದಿಟ್ಟುಕೊಂಡು, ಎರಡೂ ನೇರವಾಗಿ ಮೇಲಕ್ಕೆ ಬಂದವೆಂದು ಭಾವಿಸೋಣ. ಸೀಮೆಯು 40 ಕಿಲೋಮೀಟರ್ ಕೆಳಗಿದ್ದರೆ ಪಿ ತರಂಗಕ್ಕೆ 6.3 ಸೆಕೆಂಡು, ಎಸ್ ತರಂಗಕ್ಕೆ 11.1 ಸೆಕೆಂಡು ಬೇಕು, ಅಂತರ 4.8 ಸೆಕೆಂಡು. ಸೀಮೆಯು 75 ಕಿಲೋಮೀಟರ್ ಕೆಳಗಿದ್ದರೆ 11.9 ಮತ್ತು 20.8, ಅಂತರ 8.9 ಸೆಕೆಂಡು. ಹಾಗಾದರೆ ಬಯಲಿನಿಂದ ಟಿಬೆಟ್ಟಿನ ಕಡೆಗೆ ಹೋದಂತೆಲ್ಲ ಈ ಅಂತರವು ಬೆಳೆಯುತ್ತ ಹೋಗಬೇಕು. ಮಾಪಕಗಳು ಹಾಗೆಯೇ ನುಡಿದವು: ಗಂಗೆಯ ಬಯಲಿನಡಿಯಲ್ಲಿ ಸುಮಾರು 40, ದಕ್ಷಿಣ ಟಿಬೆಟ್ಟಿನಡಿಯಲ್ಲಿ ಸುಮಾರು 75 ಕಿಲೋಮೀಟರ್.

ಮಾಪಕಗಳು ಇಷ್ಟೊಂದು ಏಕೆ? ಗಾಳಿ, ಹೊಳೆ, ವಾಹನ ಎಲ್ಲವೂ ನೆಲವನ್ನು ಅಲುಗಿಸುತ್ತವೆ. ಭಜನೆಯಲ್ಲಿ ಹಲವು ಕಂಠಗಳು ಕೂಡಿದಾಗ ಪದವು ಎದ್ದು ಕೇಳಿಸಿ ಒಬ್ಬೊಬ್ಬರ ಕೆಮ್ಮು ಅಡಗಿಹೋಗುವಂತೆ, ಹಲವು ಲೇಖಗಳನ್ನು ಹೊಂದಿಸಿ ಕೂಡಿಸಿದರೆ ನಿಜವಾದ ತರಂಗವು ಉಳಿದು ಗದ್ದಲವು ಕರಗುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ದೂರದೇಶಗಳ ಅಣುಸ್ಫೋಟಗಳನ್ನು ಪತ್ತೆಹಚ್ಚುವುದಕ್ಕಾಗಿ ಸ್ಥಾಪಿಸಿದ ಭೂಕಂಪಮಾಪಕಗಳ ಸಾಲು ಕೂಡ ಇದೇ ತತ್ತ್ವವನ್ನು ಆಶ್ರಯಿಸಿದ್ದು.

ಪತ್ರಿಕೆಗಳು ಇಂಥ ಶೋಧನೆಗಳನ್ನು ‘ಪರ್ವತದ ಎಕ್ಸ್-ರೇ’ ಎಂದು ಕರೆಯುವುದುಂಟು. ಆ ಮಾತು ಪೂರ್ತಿ ಸರಿಯಲ್ಲ. ದೊರೆಯುವುದು ಚಿತ್ರವಲ್ಲ, ಕಾಲದ ಅಂತರ. ಅದನ್ನು ಆಳಕ್ಕೆ ಪರಿವರ್ತಿಸಲು ವೇಗ ತಿಳಿದಿರಬೇಕು, ವೇಗವು ಶಿಲೆಯನ್ನು ಅವಲಂಬಿಸುತ್ತದೆ. ದಕ್ಷಿಣ ಟಿಬೆಟ್ಟಿನಲ್ಲಿ 15ರಿಂದ 20 ಕಿಲೋಮೀಟರ್ ಆಳದಿಂದ ಬಂದ ಪ್ರಬಲವಾದ ಮರುದನಿಗಳಿಗೆ ಕರಗಿದ ಶಿಲೆಯು ಕಾರಣವೆಂದು ಕೆಲವರು, ಉಪ್ಪುನೀರು ಕಾರಣವೆಂದು ಕೆಲವರು ವಾದಿಸಿದ್ದಾರೆ. ಒಂದೇ ಲೇಖಕ್ಕೆ ಎರಡು ಭಾಷ್ಯಗಳು ಹುಟ್ಟುವುದು ಶಾಸ್ತ್ರಗ್ರಂಥಗಳಲ್ಲಿ ಮಾತ್ರವಲ್ಲ! ಏರಿಯ ವಿಷಯವೂ ಸ್ವಾರಸ್ಯವಾದದ್ದು. ಬೇರು ಇದೆಯೆಂಬ ಆತನ ಸಿದ್ಧಾಂತ ಗೆದ್ದಿತು. ಆದರೆ ಭೂಕವಚವು ದ್ರವದ ಮೇಲೆ ತೇಲುತ್ತಿದೆಯೆಂದು ಆತ ಕಲ್ಪಿಸಿದ್ದು ಸರಿಯಲ್ಲ. ಎಸ್ ತರಂಗಗಳು ಮ್ಯಾಂಟಲನ್ನು ಹಾದುಬರುವುದರಿಂದ ಅದು ಘನವೇ. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಮಾತ್ರ ಮೆಲ್ಲಗೆ ಹರಿಯುವ ಘನ.

ಬೇರಿನ ಆಳವು ಪಂಡಿತರ ಕುತೂಹಲಕ್ಕೆ ಸಂಬಂಧಿಸಿದ್ದು. ಅದರ ಮೇಲಿರುವ ಸಂದಿನ ವಿಷಯ ಹಾಗಲ್ಲ. ಅದು ಕೋಟ್ಯಂತರ ಜನರ ಪ್ರಾಣಕ್ಕೆ ಸಂಬಂಧಿಸಿದ್ದು. ನೇಪಾಳದಡಿಯಲ್ಲಿ ಭಾರತದ ಫಲಕವು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒತ್ತುತ್ತಿದ್ದರೂ ಸಂದಿನ ದಕ್ಷಿಣಭಾಗವು ಜಾರದೆ ಕಚ್ಚಿಕೊಂಡಿದೆ. ಕಚ್ಚಿದ್ದು ಬಿಟ್ಟ ದಿನ ಭೂಕಂಪ. 2015ರ ಏಪ್ರಿಲ್ 25ರಂದು ಗೋರ್ಖಾ ಪ್ರದೇಶದಲ್ಲಿ ಹಾಗೆ ಬಿಟ್ಟ ಸಂದು ಪೂರ್ವದ ಕಡೆಗೆ ಸುಮಾರು 150 ಕಿಲೋಮೀಟರ್ ಉದ್ದಕ್ಕೆ, ಕಾಠ್ಮಂಡುವಿನ ಅಡಿಯಲ್ಲಿಯೇ, ಜಾರಿಕೊಂಡಿತು. ಅದರ ಪರಿಮಾಣ 7.8; ಸುಮಾರು 9,000 ಜನರು ಮಡಿದರು. ಜಾರಿದ್ದು ಇದೇ ಮುಖ್ಯ ಸ್ತರಭಂಗ. ಆ ಬಿರುಕು ದಕ್ಷಿಣದಲ್ಲಿ ನೆಲದ ಮೇಲ್ಮೈಯನ್ನು ಮುಟ್ಟಲಿಲ್ಲ. ಅಲ್ಲಿನ ಒತ್ತಡವು ಉಳಿದುಕೊಂಡಿತು. ಪಶ್ಚಿಮ ನೇಪಾಳದಲ್ಲಿಯಂತೂ 1505ರ ತರುವಾಯ ಮಹಾಭೂಕಂಪವಾಗಿಲ್ಲ. ವರ್ಷಕ್ಕೆ 2 ಸೆಂಟಿಮೀಟರಿನಂತೆ ಐನೂರು ವರ್ಷಗಳಿಗೆ 10 ಮೀಟರ್. ಅಷ್ಟೂ ಒಮ್ಮೆಗೇ ಸಡಿಲಾಗುವುದೋ, ಕಂತುಕಂತಾಗಿಯೋ, ಎಂದೋ, ಇದನ್ನು ತರಂಗಗಳು ತಿಳಿಸುವುದಿಲ್ಲ. ಯಾವ ಊರಿನಡಿಯಲ್ಲಿ ಸಂದು ಎಷ್ಟು ಆಳದಲ್ಲಿದೆ, ಅಲ್ಲಿನ ಕಟ್ಟಡಗಳು ಎಂಥ ಅಲುಗಾಟಕ್ಕೆ ಸಿದ್ಧವಾಗಿರಬೇಕು ಎಂಬುದನ್ನು ಲೆಕ್ಕಹಾಕಲು ಬೇಕಾದ ನಕ್ಷೆಯನ್ನು ಮಾತ್ರ ಕೊಡುತ್ತವೆ.

ಗೋರ್ಖಾ ಭೂಕಂಪದಲ್ಲಿ ನೇಪಾಳದ ಸಾವಿರಾರು ಶಾಲಾ ಕೊಠಡಿಗಳು ಕುಸಿದುಬಿದ್ದವು. ಅದು ಸಂಭವಿಸಿದ್ದು ಮಧ್ಯಾಹ್ನ ಹನ್ನೆರಡು ಗಂಟೆಗೆ ಕೆಲವೇ ನಿಮಿಷಗಳ ಮುಂಚೆ. ಅಂದು ಶನಿವಾರ, ಆ ದೇಶದಲ್ಲಿ ಶನಿವಾರವು ವಾರದ ರಜೆಯ ದಿನವಾದ್ದರಿಂದ ಆ ಕೊಠಡಿಗಳಲ್ಲಿ ಮಕ್ಕಳಿರಲಿಲ್ಲ.